ಲ್ಯಾಮಿನೇಷನ್ ಮಾಡಿಸಿದ ಕಾರ್ಡು

ನನ್ನ ಬಾಯಿ ಜೋರು. ಲಗ್ಗೆರೆಯ ನಮ್ಮ ಕ್ರಾಸಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಲಿನವನಿಂದ ಹಿಡಿದು, ಬ್ಲೌಸಿಗೆ ಅಳತೆ ಕೊಟ್ಟು ಹೋಗಿ ಆಮೇಲೆ "ಆಂಟಿ, ಕಂಕುಳಲ್ಲಿ ಟೈಟ್ ಆಯ್ತು" ಎಂದು ಮುಖ ಊದಿಸಿಕೊಂಡು ಬರುವ ಹುಡುಗಿಯರವರೆಗೆ ಎಲ್ಲರೂ ನನ್ನಿಂದ ಬೈಸಿಕೊಂಡವರೇ. ಅವರಿಗೆಲ್ಲ ಅಪರೂಪಕ್ಕೆ, ನನ್ನ ಗಂಡನಿಗೆ ದಿನನಿತ್ಯ. ಆ ಮನುಷ್ಯ ಬೈಸಿಕೊಳ್ಳುತ್ತಲೇ ಕಾಫಿ ಕುಡಿದು ಮುಗಿಸುತ್ತಾರೆ. "ಆಯ್ತಾ? ಇನ್ನೂ ಇದ್ಯಾ?" ಎಂದು ಕೇಳಿ ಲೋಟ ತೊಳೆದಿಡುತ್ತಾರೆ. ಇಂಥವರ ಹತ್ತಿರ ಜಗಳ ಆಡುವುದಾದರೂ ಹೇಗೆ?

ಅವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಂತು ನಿಂತು ರಿಟೈರ್ ಆದವರು. ಅಲ್ಲಿ ಜೇಬಿನಲ್ಲಿಟ್ಟ ಕಾಗದ ಸಂಜೆಯೊಳಗೆ ಎಣ್ಣೆ ಕುಡಿದು ಮೆತ್ತಗಾಗುತ್ತಿತ್ತಂತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗೇಟ್ ಪಾಸಿನ ಫೋಟೋ ಅಳಿಸಿಹೋಗಿ, ವಾಚ್‌ಮನ್ ಇವರನ್ನು ಒಂದು ಪಾಳಿ ಪೂರ್ತಿ ಹೊರಗೆ ನಿಲ್ಲಿಸಿದ್ದನಂತೆ. ಅವತ್ತಿನಿಂದ ಇವರಿಗೆ ಲ್ಯಾಮಿನೇಷನ್ ಹುಚ್ಚು ಹಿಡಿಯಿತು. ರೇಷನ್ ಕಾರ್ಡು, ಆಧಾರ್ ಕಾರ್ಡು, ನಮ್ಮ ಲಗ್ನಪತ್ರಿಕೆ, ಫ್ರಿಜ್ಜಿನ ಗ್ಯಾರಂಟಿ ಚೀಟಿ, ಯಾವುದನ್ನೂ ಬಿಟ್ಟವರಲ್ಲ. ಬಸ್ ಸ್ಟಾಪಿನ ಹತ್ತಿರದ ಜೆರಾಕ್ಸ್ ಅಂಗಡಿಯವನು ಇವರನ್ನು ಕಂಡರೆ ಕೇಳದೆಯೇ ಮೆಷಿನ್ನು ಬಿಸಿಗಿಡುತ್ತಿದ್ದ.

"ಒಂದಿನ ನನ್ನೂ ಲ್ಯಾಮಿನೇಷನ್ ಮಾಡ್ಸಿ ಗೋಡೆಗೆ ನೇತಾಕ್ಬಿಡಿ" ಎಂದು ನಾನು ರೇಗಿದರೆ, "ನೀನು ಆ ಮೆಷಿನ್ನಲ್ಲಿ ಹಿಡ್ಸಲ್ಲ ಕಣೇ" ಎನ್ನುತ್ತಿದ್ದರು.

ನಗುವುದೋ ಅಳುವುದೋ ಎಂದುಕೊಂಡು ಇಷ್ಟು ವರ್ಷ ಬಾಳಿದ್ದೇವೆ. ಮಕ್ಕಳಿಲ್ಲ. ನನ್ನ ಹೊಲಿಗೆ ಮೆಷಿನ್ನು, ಅವರ ಪಿಂಚಣಿ, ಮತ್ತೆ ಮಸ್ಕತ್‌ನಲ್ಲಿ ನನ್ನ ಅಕ್ಕ.

ಅಕ್ಕ ಮದುವೆಯಾದ ಎರಡನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡವಳು. ಸುಂಕದಕಟ್ಟೆಯಲ್ಲಿ ನಮ್ಮಪ್ಪನ ಹೊಲ ಲೇಔಟ್ ಆಗಿ, ಕೈಗೆ ಬಂದದ್ದೆಲ್ಲ ಕರಗಿಹೋಗಿ, ಮನೆಯಲ್ಲಿ ಒಲೆ ಹಚ್ಚುವುದೇ ಕಷ್ಟವಾಗಿದ್ದ ಕಾಲ. ಯಾರೋ ಏಜೆಂಟನನ್ನು ಹಿಡಿದು ಮಸ್ಕತ್‌ಗೆ ಅಡುಗೆ ಕೆಲಸಕ್ಕೆ ಹೋದಳು. ನನ್ನನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸಿದ್ದು ಅವಳು, ಮದುವೆ ಮಾಡಿದ್ದು ಅವಳು, ಹೊಲಿಗೆ ಮೆಷಿನ್ನು ಕೊಡಿಸಿದ್ದೂ ಅವಳೇ. ಎರಡು ವರ್ಷಕ್ಕೊಮ್ಮೆ ರಜಾ ಮೇಲೆ ಬಂದರೆ ನಮ್ಮ ಮನೆಯಲ್ಲೇ ಇಳಿಯುತ್ತಿದ್ದಳು. ಇಡೀ ರಾತ್ರಿ ಫ್ಯಾನಿನ ಕೆಳಗೆ ಮಲಗಿ ಕಥೆ ಹೇಳುತ್ತಿದ್ದಳು, ನನ್ನ ಗಂಡ ಅಡುಗೆಮನೆಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದರು.

ದುಡಿದು ದುಡಿದು ಅವಳು ಶ್ರೀಗಂಧದ ಕಾವಲ್‌ನಲ್ಲಿ ಒಂದು ಪುಟ್ಟ ಸೈಟು ತೆಗೆದು ಮನೆ ಕಟ್ಟಿಸಿದಳು. ಕೆಳಗಡೆ ಬಾಡಿಗೆಗೆ, ಮೇಲ್ಗಡೆ ಒಂದು ಹಾಲ್, ಒಂದು ರೂಮು, ಅವಳಿಗೆ ಅಂತಲೇ. ಗಾರೆಯವರ ಹಿಂದೆ ನಿಂತು ಕಟ್ಟಿಸಿದವರು ನನ್ನ ಗಂಡ. ಗೃಹಪ್ರವೇಶದ ದಿನ ಅಕ್ಕನಿಗೆ ರಜಾ ಸಿಗಲಿಲ್ಲ. ಮೊಬೈಲಿನಲ್ಲೇ ಹಾಲು ಉಕ್ಕುವುದನ್ನು ನೋಡಿದಳು. "ಒಂದೇ ಒಂದು ರಾತ್ರಿ ನನ್ನ ಮನೇಲಿ ನಾನು ಮಲಗ್ಬೇಕು ಕಣೇ. ಆಮೇಲೆ ಏನಾದ್ರೂ ಆಗ್ಲಿ" ಎಂದಳು. ನಾನು "ಥೂ, ಬಿಡ್ತು ಅನ್ನು" ಎಂದು ಗದರಿದೆ.

ಹೋದ ವರ್ಷ ಅವಳು ಅಲ್ಲಿ ಅಡುಗೆ ಮಾಡುತ್ತಿದ್ದಾಗಲೇ ಕುಸಿದು ಬಿದ್ದಳು. ಪಕ್ಕದ ಮನೆಯಲ್ಲಿ ಕೆಲಸಕ್ಕಿದ್ದ ಕೋಲಾರದ ಕಡೆಯ ಹೆಂಗಸು, ಅಕ್ಕನ ಗೆಳತಿ, ಫೋನ್ ಮಾಡಿದರು. ಪಾರ್ಶ್ವವಾಯು. ಎಡಗಡೆ ಸ್ವಾಧೀನ ಇಲ್ಲ, ಹೃದಯವೂ ಸೋತಿದೆ. ಅಕ್ಕ ಕೆಲಸಕ್ಕಿದ್ದ ಮನೆಯವರು ಆಸ್ಪತ್ರೆಯದ್ದು ನೋಡಿಕೊಳ್ಳುತ್ತೇವೆ ಎಂದರಂತೆ, ಊರಿಗೆ ಕರೆದುಕೊಂಡು ಹೋಗುವುದು ಮಾತ್ರ ನಮ್ಮ ಜವಾಬ್ದಾರಿ. ಡಾಕ್ಟರು ಯಾವತ್ತು ಹೊರಡಬಹುದು ಅನ್ನುತ್ತಾರೋ ಅವತ್ತೇ ಅಲ್ಲಿನ ಟಿಕೆಟ್ ಆಫೀಸಿಗೆ ಹೋಗಿ ರೋಗಿಯ ಟಿಕೆಟ್ ತೆಗೆಯಬೇಕು, ಮುಂಚೆಯೇ ಇಲ್ಲಿಂದ ತೆಗೆಯುವ ಹಾಗಿಲ್ಲ.

"ಅಕ್ಕ ಒಂದೇ ಮಾತು ಹೇಳ್ತಾ ಇದಾಳೆ, ಮನೆಗೆ, ಮನೆಗೆ ಅಂತ. ಬೇಗ ಬಂದ್ಬಿಡಮ್ಮಾ" ಎಂದರು ಆ ಹೆಂಗಸು. "ಬರೋವಾಗ ಚಿಪ್ ಇರೋ ಕಾರ್ಡ್ ತಗೊಂಬಾ. ಇಲ್ಲಿ ನಿಮ್ಮ ಫೋನ್‌ಪೇ ಗೀನ್‌ಪೇ ನಡೆಯಲ್ಲ."

ಅಕ್ಕ ಎಂದೋ ಬಲವಂತ ಮಾಡಿ ನನಗೆ ಪಾಸ್‌ಪೋರ್ಟ್ ಮಾಡಿಸಿದ್ದಳು. ವೀಸಾ ಬೇಗ ಆಯಿತು. ಉಳಿದದ್ದು ಕಾರ್ಡು. ಗಂಡ ಹೆಂಡತಿ ಇಬ್ಬರೂ ವಿಜಯನಗರದ ಬ್ಯಾಂಕಿಗೆ ಹೋದೆವು.

ಬ್ಯಾಂಕಿನ ಮೇಜಿನ ಹಿಂದೆ ಇದ್ದವಳು ವಿಜಯಪುರದ ಕಡೆಯ ಹುಡುಗಿ. ಸಂಬಳದ ಚೀಟಿ ಇಲ್ಲದ ನನ್ನಂಥವಳಿಗೆ ಕಾರ್ಡ್ ಯಾರು ಕೊಡುತ್ತಾರೆ ಎಂದು ನಾನು ಮೊದಲೇ ಜಗಳಕ್ಕೆ ಸಿದ್ಧವಾಗಿ ಕೂತಿದ್ದೆ. ಅವಳು "ನಿಮ್ಮ ಎಫ್‌ಡಿ ಐತಲ್ರಿ ಆಂಟಿ, ಅದರ ಮ್ಯಾಲೆ ಕೊಡ್ತೀವ್ರಿ" ಎಂದು ನಕ್ಕಳು. ಮೂರು ಬಣ್ಣದ ಕಾರ್ಡುಗಳ ಚಿತ್ರ ಮುಂದಿಟ್ಟಳು. ಒಂದರಲ್ಲಿ ಏರ್‌ಪೋರ್ಟಿನಲ್ಲಿ ಕೂತು ಪುಕ್ಕಟೆ ತಿನ್ನಬಹುದಂತೆ, ಇನ್ನೊಂದರಲ್ಲಿ ಸಿನಿಮಾಗೆ ರಿಯಾಯಿತಿಯಂತೆ.

"ನಾನೇನು ಮಜಾ ಮಾಡಕ್ಕೆ ಹೋಗ್ತಾ ಇದೀನೇನಮ್ಮಾ? ನಮ್ಮಕ್ಕ ಅಲ್ಲಿ ಬಿದ್ದಿದಾಳೆ" ಎಂದೆ. ದನಿ ಏರಿತ್ತು, ಪಕ್ಕದ ಕೌಂಟರಿನವರು ತಿರುಗಿ ನೋಡಿದರು.

ಹುಡುಗಿಯ ಮುಖ ಸಣ್ಣಗಾಯಿತು. ಆ ಎರಡು ಚಿತ್ರಗಳನ್ನು ಎತ್ತಿಟ್ಟು ಮೂರನೆಯದನ್ನು ತೋರಿಸಿದಳು. "ಹಂಗಾರ ಇದ ತಗೋರಿ. ಹೊರದೇಶದಾಗ ಬಳಸಿದ್ರ ಹೆಚ್ಚಿಗಿ ಚಾರ್ಜ್ ಹಾಕಂಗಿಲ್ಲ. ಇಲ್ಲಿ ಬಂಗಾರದ ಬಣ್ಣದ್ದು ಕಾಣ್ತದಲ್ರಿ, ಇದ ಚಿಪ್. ಅಲ್ಲಿ ಮಷಿನ್ನಿನಾಗ ಇದನ್ನ ತೂರಿಸಿ ಪಿನ್ ಒತ್ತಿದ್ರ ಆತು." ಕಾರ್ಡು ಬಂದ ದಿನ ಅವಳೇ ನನ್ನ ಮೊಬೈಲಿನಲ್ಲಿ ಕಾರ್ಡಿನ ಹೊರದೇಶದ ಬಳಕೆ ಚಾಲೂ ಮಾಡಿಕೊಟ್ಟಳು. ನಾವು ಹೊರಡುವಾಗ ಒಂದು ಮಾತು ಸೇರಿಸಿದಳು. "ಚಿಪ್ಪಿಗೆ ಗೀರು ಬೀಳದಂಗ, ನೀರು ತಾಗದಂಗ ಭಾಳ ಹುಷಾರಿಲೆ ಇಟ್ಕೋರಿ."

ನನ್ನ ಗಂಡ "ಅದನ್ನ ನಂಗೆ ಬಿಡಮ್ಮಾ" ಎಂದರು.

ಹೊರಡುವ ದಿನ ನಾನು ಪೆಟ್ಟಿಗೆಗೆ ಅಕ್ಕನ ಕಾಟನ್ ಸೀರೆಗಳನ್ನು ತುಂಬುತ್ತಿದ್ದೆ. ಇವರು ಬೆವರು ಒರೆಸಿಕೊಳ್ಳುತ್ತಾ ಬಂದು ಕಾರ್ಡನ್ನು ನನ್ನ ಕೈಗಿಟ್ಟರು. ಇನ್ನೂ ಬೆಚ್ಚಗಿತ್ತು. ಸುತ್ತ ಬೆರಳಗಲದ ಪ್ಲಾಸ್ಟಿಕ್ಕಿನ ಅಂಚು, ನಡುವೆ ನನ್ನ ಹೆಸರು, ಬಂಗಾರದ ಬಣ್ಣದ ಚಿಪ್ಪು, ಎಲ್ಲ ಫಳಫಳ ಹೊಳೆಯುತ್ತಿತ್ತು.

"ಎರಡು ಸಲ ಮೆಷಿನ್ನಲ್ಲಿ ಹಾಕ್ಸಿದೀನಿ. ಇನ್ನು ಸಮುದ್ರಕ್ಕೆ ಬಿದ್ರೂ ಏನಾಗಲ್ಲ" ಎಂದರು.

ನನಗೂ ಸರಿಯೇ ಅನ್ನಿಸಿತು. ಮನೆಯಲ್ಲಿರುವ ಕಾರ್ಡುಗಳೆಲ್ಲ ಹಾಗೇ ಇವೆ, ಎಲ್ಲವೂ ನಡೆಯುತ್ತಿವೆ, ಇದಕ್ಕೇನು ಬಂತು ಎಂದುಕೊಂಡೆ. "ಈ ಸಲ ಒಂದು ಒಳ್ಳೇ ಕೆಲಸ ಮಾಡಿದ್ರಿ ನೋಡಿ" ಎಂದೆ. ಅವರ ಮುಖ ಅರಳಿತು. ನನ್ನ ಬಾಯಿಂದ ಅಂಥ ಮಾತು ಅವರು ಕೇಳಿದ್ದು ಬಹಳ ಕಡಿಮೆ.

ಮಸ್ಕತ್‌ನಲ್ಲಿ ಅಕ್ಕನನ್ನು ನೋಡಿದಾಗ ನಾನು ಅಳಬಾರದು ಎಂದುಕೊಂಡಿದ್ದೆ, ಅತ್ತೆ. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಎಣ್ಣೆ ಕಾಣದ ಕೂದಲು ದಿಂಬಿಗೆ ಅಂಟಿತ್ತು. ನಾನು ತಲೆ ಬಾಚಿ ಜಡೆ ಹಾಕಿದೆ. ಅವಳು ಬಲಗೈಯಿಂದ ನನ್ನ ಸೆರಗು ಹಿಡಿದು, "ಮನೆ" ಎಂದಳು. "ಹೋಗೋಣ ಅಕ್ಕಾ. ಮೇಲಿನ ರೂಮಲ್ಲಿ ಕಿಟಕಿ ಪಕ್ಕ ನಿನ್ನ ಮಂಚ ಹಾಕ್ಸಿದಾರೆ ನಿಮ್ಮ ಭಾವ" ಎಂದೆ. ಅವಳು ನನ್ನ ಗಂಡನನ್ನು ಭಾವ ಎನ್ನುತ್ತಿರಲಿಲ್ಲ, ತಮ್ಮಾ ಎನ್ನುತ್ತಿದ್ದಳು. ಸುಮ್ಮನೆ ಚುಡಾಯಿಸಲು ಹಾಗೆಂದೆ, ಬಾಯಿಯ ಸರಿಯಿದ್ದ ಅರ್ಧದಲ್ಲಿ ಅವಳು ನಕ್ಕಳು.

ಗುರುವಾರ ಬೆಳಿಗ್ಗೆ ಡಾಕ್ಟರು ಬಂದು, ಗಾಲಿಕುರ್ಚಿಯಲ್ಲಿ ಜೊತೆಗೊಬ್ಬರಿದ್ದರೆ ಹೊರಡಬಹುದು, ಇವತ್ತೇ ಹೊರಟರೆ ಒಳ್ಳೆಯದು ಎಂದು ಬರೆದುಕೊಟ್ಟರು. ಸಂಜೆ ಬೆಂಗಳೂರಿಗೆ ವಿಮಾನ ಇತ್ತು. ಕೋಲಾರದ ಹೆಂಗಸು ಮತ್ತೆ ನಾನು ಟಿಕೆಟ್ ಆಫೀಸಿಗೆ ಓಡಿದೆವು. ಎರಡು ಸೀಟು ಸಿಕ್ಕಿತು. ಮಧ್ಯಾಹ್ನ ಆಫೀಸು ಮುಚ್ಚಿದರೆ ಮತ್ತೆ ತೆರೆಯುವುದು ಶನಿವಾರ, ಶುಕ್ರವಾರ ಅಲ್ಲಿ ರಜಾ.

ಕೌಂಟರಿನ ಹೆಂಗಸು ನನ್ನ ಕಾರ್ಡು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಮೆಷಿನ್ನಿನ ಮೇಲಿಟ್ಟಳು, ಅದು ಸುಮ್ಮನಿತ್ತು. ತೂರಿಸಲು ಹೋದಳು, ಪ್ಲಾಸ್ಟಿಕ್ಕಿನ ಅಂಚು ಒಳಗೆ ಹೋಗಲಿಲ್ಲ. ಕತ್ತರಿಯಿಂದ ಅಂಚು ಕತ್ತರಿಸಿದಳು. ಈಗ ಒಳಗೆ ಹೋಯಿತು, ಆದರೆ ಚಿಪ್ಪಿನ ಮೇಲೆ ಪ್ಲಾಸ್ಟಿಕ್ಕಿನ ಪೊರೆ ಹಾಗೇ ಇತ್ತು, ಮೆಷಿನ್ನು ಓದಲಿಲ್ಲ. ನಾನು ಕೈಯಿಂದ ಕಸಿದುಕೊಂಡು ಉಗುರಿನಲ್ಲಿ ಆ ಪೊರೆ ಎಬ್ಬಿಸಿದೆ. ಎರಡು ಸಲ ಕಾಯಿಸಿ ಒತ್ತಿದ್ದಲ್ಲವಾ, ಬಿಡಲೊಲ್ಲದು. ಬ್ಲೇಡು ಕೇಳಿ ತೆಗೆದುಕೊಂಡೆ. ಬ್ಲೌಸಿನ ಹೊಲಿಗೆ ಬಿಚ್ಚುವ ಕೈ ನನ್ನದು, ನಿಧಾನವಾಗಿಯೇ ಬಿಡಿಸಿದೆ. ಪೊರೆ ಎದ್ದಿತು. ಅದರ ಜೊತೆಗೆ ಚಿಪ್ಪೂ ಎದ್ದು ಬಂತು.

ಕಾರ್ಡಿನಲ್ಲಿ ಚಿಪ್ಪಿದ್ದ ಜಾಗದಲ್ಲಿ ಒಂದು ಸಣ್ಣ ಗುಳಿ ಉಳಿಯಿತು. ಕೌಂಟರಿನ ಹೆಂಗಸು "ಸಾರಿ" ಎಂದಳು.

ಆಮೇಲೆ ಏನೇನು ಮಾಡಿದೆವೋ. ನಂಬರು ಹಾಕಿ ಕಟ್ಟಬಹುದು ಎಂದರು, ಓಟಿಪಿ ನನ್ನ ಬೆಂಗಳೂರಿನ ಸಿಮ್ಮಿಗೆ ಬರಬೇಕು, ಅದು ಅಲ್ಲಿ ಸತ್ತಂತೆ ಬಿದ್ದಿತ್ತು. ಎಟಿಎಂ ಕಾರ್ಡು ಹೊರದೇಶಕ್ಕೆ ಚಾಲೂ ಮಾಡಿಸಿರಲಿಲ್ಲ. ಇಬ್ಬರ ಕೈಯಲ್ಲಿದ್ದ ಅಲ್ಲಿನ ದುಡ್ಡು ಸೇರಿಸಿದರೂ ಸಾಲದು. ಕೋಲಾರದವರು ಅಲ್ಲಿನ ಕನ್ನಡ ಸಂಘದ ಯಾರಿಗೋ ಫೋನ್ ಮಾಡಿದರು, ಆ ಪುಣ್ಯಾತ್ಮ ಶನಿವಾರ ಬಂದು ತಾನೇ ಕಟ್ಟಿಕೊಡುತ್ತೇನೆ ಎಂದ. ಆಫೀಸಿನ ಬಾಗಿಲು ಮುಚ್ಚಿತು. ಬಿಸಿಲಲ್ಲಿ ಮೆಟ್ಟಿಲ ಮೇಲೆ ಕೂತು ನಾನು ಕೋಲಾರದವರ ಫೋನಿನಿಂದಲೇ ಗಂಡನಿಗೆ ಕರೆ ಮಾಡಿದೆ. ನಾಲಿಗೆ ತುದಿಯಲ್ಲಿ ಬೈಗುಳ ಕುದಿಯುತ್ತಿತ್ತು. ಹುಟ್ಟಿದಾರಭ್ಯ ಅಷ್ಟು ಕೋಪ ಬಂದಿರಲಿಲ್ಲ.

"ಹೊರಟ್ರಾ?" ಎಂದರು ಅವರು, ನಾನು ಬಾಯಿ ತೆರೆಯುವ ಮೊದಲೇ. "ಮೇಲ್ಗಡೆ ರೂಮು ನಾನೇ ತೊಳ್ದೆ ಕಣೇ. ಹಾಸಿಗೆ ಬಿಸಿಲಿಗೆ ಹಾಕಿದೀನಿ. ಬಾತ್‌ರೂಮಲ್ಲಿ ಅಕ್ಕ ಹಿಡ್ಕೊಳಕ್ಕೆ ಒಂದು ಪೈಪ್ ಹೊಡ್ಸಿದೀನಿ. ನೀರ್ ಕಾಯ್ಸೋ ಕಾಯಿಲ್ ತರ್ಲಾ, ಗೀಸರೇ ಹಾಕ್ಸ್ಲಾ?"

"ಗೀಸರ್ ಹಾಕ್ಸಿ. ಟಿಕೆಟ್ ಭಾನುವಾರಕ್ಕೆ ಸಿಗುತ್ತೆ" ಎಂದು ಫೋನ್ ಇಟ್ಟೆ.

ಅಕ್ಕ ಶುಕ್ರವಾರ ಬೆಳಿಗ್ಗೆ ಹೋದಳು. ಮುಖ ತೊಳೆಸಿ, ಕುಂಕುಮ ಇಡಲಾ ಎಂದು ಕೇಳಿದ್ದೆ. ಗಂಡ ಹೋದ ಮೇಲೆ ಇಟ್ಟಿರಲಿಲ್ಲ ಅವಳು, ಅವತ್ತು ಹೂಂ ಅಂದಳು. ಇಟ್ಟು ಬೆರಳು ಒರೆಸಿಕೊಳ್ಳಲು ತಿರುಗಿದೆ. ಅಷ್ಟರಲ್ಲಿ ನರ್ಸು ಓಡಿ ಬಂದಳು.

ಆಮೇಲಿನದ್ದಕ್ಕೆ ಯಾರೂ ನನ್ನ ಹತ್ತಿರ ಕಾರ್ಡು ಕೇಳಲಿಲ್ಲ. ಸಂಘದವರು ಬಂದರು, ಅಕ್ಕ ಕೆಲಸಕ್ಕಿದ್ದ ಮನೆಯವರು ಬಂದರು, ಎಲ್ಲ ಸೇರಿ ಪೆಟ್ಟಿಗೆ ಮಾಡಿಸಿ ಕಳಿಸಿಕೊಟ್ಟರು. ಜೀವ ಇದ್ದಾಗ ಒಂದು ಟಿಕೆಟ್ ಹುಟ್ಟಲಿಲ್ಲ, ಹೋದ ಮೇಲೆ ಎಲ್ಲವೂ ತಾನಾಗಿ ನಡೆಯಿತು. ಹೊಟ್ಟೆ ಉರಿದುಹೋಯಿತು ನನಗೆ. ಇವತ್ತಿಗೂ ಉರಿಯುತ್ತದೆ.

ಆಂಬುಲೆನ್ಸು ಶ್ರೀಗಂಧದ ಕಾವಲ್‌ಗೆ ಬಂದದ್ದು ಬೆಳಿಗ್ಗೆ. ಮೇಲಕ್ಕೆ ಮೆಟ್ಟಿಲು ಕಿರಿದು, ಪೆಟ್ಟಿಗೆ ತಿರುಗಲಿಲ್ಲ. ಕೆಳಗಿನ ಬಾಡಿಗೆಯವರು ಪಾಪ, ತಮ್ಮ ಹಾಲ್‌ನ ಸೋಫಾ ಹೊರಗಿಟ್ಟು ಜಾಗ ಮಾಡಿಕೊಟ್ಟರು. ನಾನು ಸುಂಕದಕಟ್ಟೆಯಿಂದ ಬಂದಿದ್ದ ಹಿರಿಯರನ್ನು ಬೇಡಿಕೊಂಡೆ. "ಇದೊಂದು ರಾತ್ರಿ ಇಟ್ಕೊಳೋಣ. ಅವಳ ಮನೇಲಿ ಅವಳು ಒಂದ್ ರಾತ್ರಿ ಇರ್ಲಿ." ನಮ್ಮ ದೊಡ್ಡಪ್ಪ ತಲೆ ಅಲ್ಲಾಡಿಸಿದರು. "ಆಗ್ಲೇ ನಾಕ್ ದಿನ ಆಗೈತೆ ಮಗಳೇ. ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬೇಕು." ಮಧ್ಯಾಹ್ನಕ್ಕೇ ಎತ್ತಿದರು. ಮೇಲಿನ ರೂಮಿನಲ್ಲಿ ಹಾಸಿಗೆ ಬಿಸಿಲು ಕಂಡು ಗರಿಗರಿಯಾಗಿ ಕಾದಿತ್ತು.

ಮಣ್ಣು ಮುಗಿಸಿ ಬಂದು ಸ್ನಾನ ಆದ ಮೇಲೆ ನನ್ನ ಗಂಡ ಪಕ್ಕಕ್ಕೆ ಬಂದು ಕೂತು ಮೆಲ್ಲಗೆ ಕೇಳಿದರು. "ಕಾರ್ಡ್ ಉಪಯೋಗಕ್ಕೆ ಬಂತಾ?"

ಅವರ ಬೆರಳುಗಳ ಸಂದಿಯಲ್ಲಿ ಇನ್ನೂ ಗುಂಡಿಯ ಮಣ್ಣಿತ್ತು. ಬಾತ್‌ರೂಮಿಗೆ ಪೈಪು ಹೊಡೆಸಿದ ಕೈ ಅದು. ನಾನು "ಬಂತು ರೀ. ಡಾಕ್ಟರೇ ಕೊನೇಗೆ ಬೇಡ ಅಂದ್ಬಿಟ್ರು" ಎಂದೆ.

"ಹೋಗ್ಲಿ ಬಿಡು. ನಮ್ಮ ಕೈಲಾಗೋದು ನಾವು ಮಾಡಿದ್ವಿ" ಎಂದರು.

ತಿಥಿಯ ದಿನ ಊಟದ ಪಂಕ್ತಿಯಲ್ಲಿ ಅವರು ನೆಂಟರಿಗೆಲ್ಲ ಇದನ್ನೇ ಹೇಳುತ್ತಿದ್ದರು. "ಇವಳು ಒಬ್ಳೇ ಹೋಗಿ ಎಲ್ಲಾ ಸಂಭಾಳಿಸಿದ್ಲು. ಕಾರ್ಡ್ ಒಂದು ಗಟ್ಟಿಯಾಗಿತ್ತಲ್ಲ, ಧೈರ್ಯ." ನಾನು ಪಾಯಸದ ಸೌಟು ಹಿಡಿದು ಮುಂದಿನ ಎಲೆಗೆ ಹೋದೆ. ಆ ದಿನಗಳಿಂದ ನಾನು ಅವರನ್ನು ಬೈಯುವುದು ನಿಂತಿತು. ಒಳ್ಳೆಯವಳಾದೆ ಎಂದಲ್ಲ. ಹಾಲು ಉಕ್ಕಿಸಿದ್ದಕ್ಕೆ ಬೈಯಲು ಬಾಯಿ ತೆರೆದರೂ ಮೊದಲು ಆ ಕಾರ್ಡಿನ ಮಾತೇ ಹೊರಗೆ ಬೀಳುತ್ತದೆ ಎಂಬ ಭಯ. ಅವರು ಕಾಫಿ ಲೋಟ ಹಿಡಿದು ನನ್ನ ಮುಖ ನೋಡುತ್ತಾ ಕಾಯುತ್ತಿದ್ದರು. "ಹುಷಾರಿಲ್ವಾ?" ಎಂದು ಕೇಳುತ್ತಿದ್ದರು. ಅಕ್ಕನ ದುಃಖ ಎಂದುಕೊಂಡು ಸುಮ್ಮನಾಗುತ್ತಿದ್ದರು.

ಹೋದ ವಾರ ಎದುರು ಮನೆಯ ಸೊಸೆ ಬಂದಳು. ದುಬೈಯಲ್ಲಿ ತಂಗಿಗೆ ಹೆರಿಗೆ, ಬಾಣಂತನಕ್ಕೆ ಹೊರಟಿದ್ದಾಳೆ. ಹೊಸ ಚಿಪ್ ಕಾರ್ಡು ತೋರಿಸಿ, "ಆಂಟಿ, ನೀವು ಹೋಗ್ಬಂದೋರಲ್ವಾ, ಅಲ್ಲಿ ಇದನ್ನ ಹೆಂಗೆ ಯೂಸ್ ಮಾಡೋದು?" ಎಂದು ಕೇಳಿದಳು. ನಾನು ಒಳಗೆ ನೀರು ತರಲು ಹೋಗಿದ್ದೆ. ಬರುವಷ್ಟರಲ್ಲಿ ನನ್ನ ಗಂಡ ಕಾರ್ಡನ್ನು ಜೇಬಿಗಿಟ್ಟುಕೊಂಡು ಚಪ್ಪಲಿ ಮೆಟ್ಟುತ್ತಿದ್ದರು.

"ಐದೇ ನಿಮಿಷ ಇರಮ್ಮಾ, ಲ್ಯಾಮಿನೇಷನ್ ಮಾಡ್ಸ್ಕೊಂಡ್ ಬರ್ತೀನಿ. ನಮ್ಮನೆಯೋಳಿಗೂ ಮಾಡ್ಸಿ ಕಳ್ಸಿದ್ದೆ."

"ಬೇಡ ರೀ. ಕೊಡಿ ಇಲ್ಲಿ" ಎಂದೆ.

"ಯಾಕೇ?"

"ಕೊಡಿ ಅಂದ್ರೆ ಕೊಡಿ." ಅವರ ಜೇಬಿಗೆ ಕೈ ಹಾಕಿ ಕಾರ್ಡು ತೆಗೆದು ಆ ಹುಡುಗಿಯ ಕೈಗಿಟ್ಟೆ. "ಹೆಂಗಿದ್ಯೋ ಹಂಗೇ ತಗೊಂಡೋಗು. ಮೇಲೆ ಏನೂ ಅಂಟಿಸ್ಬೇಡ. ಮೆಷಿನ್ ಓದಲ್ಲ."

"ನಿಂದು ಓದ್ತಲ್ಲ?" ಎಂದರು ಅವರು.

ಒಂದು ಸುಳ್ಳು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಎದುರು ಮನೆಯ ಸೊಸೆ ಇಬ್ಬರ ಮುಖವನ್ನೂ ನೋಡಿ, "ಬರ್ತೀನಿ ಆಂಟಿ" ಎಂದು ಜಾರಿಕೊಂಡಳು. ಅವರು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡವರು ಹಾಗೇ ಬಾಗಿಲ ಮೆಟ್ಟಿಲ ಮೇಲೆ ಕೂತರು.

"ಗುರುವಾರದ್ ಟಿಕೆಟ್ಟು ಅದ್ಕೇ ಸಿಗ್ಲಿಲ್ವಾ?"

ನಾನು ಗೋಡೆ ಹಿಡಿದು ನಿಂತಿದ್ದೆ.

"ಡಾಕ್ಟರು ಬೇಡ ಅನ್ಲಿಲ್ಲ" ಎಂದರು ಅವರೇ.

ಅದು ಪ್ರಶ್ನೆಯಲ್ಲ. ಅವರು ತಮ್ಮ ಅಂಗೈಗಳನ್ನು ಮಗುಚಿ ನೋಡಿಕೊಂಡರು.

"ಬೈದ್ಬಿಡೇ" ಎಂದರು ಕೊನೆಗೆ. ದನಿ ಒಡೆದಿತ್ತು. "ಇಷ್ಟು ದಿನ ಒಳಗೇ ಇಟ್ಕೊಂಡಿದ್ಯಲ್ಲ. ಒಂದ್ಸಲ ಬಾಯ್ತುಂಬ ಬೈದ್ಬಿಡು, ನನ್ನ ಕೈಲಿ ಆಗ್ತಾ ಇಲ್ಲ."

ಎಷ್ಟು ಹುಡುಕಿದರೂ ನನ್ನ ಬಾಯಲ್ಲಿ ಒಂದು ಬೈಗುಳವೂ ಇರಲಿಲ್ಲ. ಅವರ ಪಕ್ಕ ಮೆಟ್ಟಿಲ ಮೇಲೆ ಕೂತುಕೊಂಡೆ.